ಲಿವರ್ ಕೈಕೊಟ್ಟ ಮೇಲೆ ಶುಗರ್ ಲೆಕ್ಕಾನೇ ಬೇರೆ

ಶುಗರ್ ಇರೋರ ಮನೇಲಿ ಎಲ್ರಿಗೂ ಬಾಯಿಪಾಠ ಆಗಿರೋ ಒಂದಿಷ್ಟು ರೂಲ್ಸ್ ಇರ್ತವೆ. ಅನ್ನ ಕಮ್ಮಿ ಮಾಡಿ, ರಾತ್ರಿ ಎಂಟರೊಳಗೆ ಊಟ ಮುಗ್ಸಿ ಆಮೇಲೆ ಏನೂ ಮುಟ್ಬೇಡಿ, ತೂಕ ಇಳ್ಸಿ, ಮೂರು ತಿಂಗ್ಳ ಶುಗರ್ ಸರಾಸರಿ ಹೇಳೋ ಎಚ್‌ಬಿಎ1ಸಿ ಟೆಸ್ಟ್ ಮೂರು ತಿಂಗ್ಳಿಗೊಂದ್ಸಲ ಮಾಡ್ಸಿ, 7ರ ಒಳಗಿದ್ರೆ ಆರಾಮಾಗಿರಿ. ಎಲ್ಲಾ ಸರೀನೇ. ಆದ್ರೆ ಅದೇ ಮನುಷ್ಯಂಗೆ ಲಿವರ್ ಸಿರೋಸಿಸ್ ಆಗಿ ಹೊಟ್ಟೇಲಿ ನೀರು ತುಂಬ್ಕೊಳ್ಳೋ ಹಂತಕ್ಕೆ ಬಂದ್ರೆ ಈ ನಾಲ್ಕು ರೂಲ್ಸೂ ಹೆಚ್ಚುಕಮ್ಮಿ ಉಲ್ಟಾ ಹೊಡೀತವೆ. ಅಷ್ಟು ದಿನ ಶುಗರ್ ಜಾಸ್ತಿ ಆಗುತ್ತೆ ಅನ್ನೋದೊಂದೇ ಭಯ ಇತ್ತಲ್ಲ, ಈಗ ರಾತ್ರೋರಾತ್ರಿ ಕಮ್ಮಿ ಆಗೋಗೋದು ಅದಕ್ಕಿಂತ ದೊಡ್ಡ ಭಯ.

ನಾನು ಡಾಕ್ಟ್ರಲ್ಲ. ಫಾರ್ಮಸಿ ಓದಿ ಹಾಸನದಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು. ಬೆಳಗಾದ್ರೆ ಕೌಂಟರ್ ಮೇಲೆ ಬಂದು ಬೀಳೋ ಚೀಟಿಗಳನ್ನ ನೋಡಿ ನೋಡಿ ಇದನ್ನ ಬರೀಬೇಕು ಅನ್ನಿಸ್ತು, ಯಾಕಂದ್ರೆ ಶುಗರ್ ಚೀಟಿ ಒಬ್ಬ ಡಾಕ್ಟ್ರದ್ದು, ಲಿವರ್ ಚೀಟಿ ಇನ್ನೊಬ್ಬ ಡಾಕ್ಟ್ರದ್ದು, ಎರಡೂ ಒಂದೇ ಜೇಬಲ್ಲಿದ್ರೂ ಒಂದಕ್ಕೊಂದು ಮುಖ ನೋಡಿರಲ್ಲ. ಇಲ್ಲಿರೋದನ್ನ ಓದಿ ಯಾರೂ ತಾವಾಗೇ ಮಾತ್ರೆ ನಿಲ್ಸೋದು ಡೋಸ್ ಬದಲಾಯ್ಸೋದು ಮಾಡ್ಬೇಡಿ, ಡಾಕ್ಟ್ರ ಮುಂದೆ ಕೂತಾಗ ಏನು ಕೇಳ್ಬೇಕು ಅಂತ ಗೊತ್ತಾದ್ರೆ ಸಾಕು.

ಲಿವರ್‌ಗೂ ಶುಗರ್‌ಗೂ ಏನ್ ಸಂಬಂಧ ಅಂತ ಮೊದ್ಲು ನೋಡೋಣ. ಹಳ್ಳಿ ಮನೇಲಿ ಕಣಜ ಇರ್ತಿತ್ತಲ್ಲ, ಸುಗ್ಗೀಲಿ ತುಂಬಿಟ್ಟು ಆಮೇಲೆ ಬೇಕಾದಷ್ಟು ತೆಗ್ದು ಉಣ್ಣೋಕೆ, ನಮ್ಮ ದೇಹದಲ್ಲಿ ಆ ಕೆಲ್ಸ ಲಿವರ್‌ದು. ಊಟ ಆದ್ಮೇಲೆ ರಕ್ತಕ್ಕೆ ಬರೋ ಸಕ್ಕರೇಲಿ ಒಂದು ಪಾಲನ್ನ ಗ್ಲೈಕೋಜನ್ ಅಂತ ಮಾಡಿ ತುಂಬಿಟ್ಕೊಳತ್ತೆ, ಚೆನ್ನಾಗಿರೋ ಲಿವರ್‌ನಲ್ಲಿ ಸುಮಾರು 100 ಗ್ರಾಂ ಹಿಡಿಯುತ್ತೆ. ರಾತ್ರಿ ನಾವು ಮಲ್ಗಿರೋವಾಗ ಮಿದುಳಿಗೆ ಬೇಕಾದ ಸಕ್ಕರೇನ ಅದ್ರಿಂದಾನೇ ಸ್ವಲ್ಪ ಸ್ವಲ್ಪ ಬಿಡುತ್ತೆ, ಸಾಲ್ದೆ ಹೋದ್ರೆ ಪ್ರೋಟೀನ್ ಒಡೆದು ಹೊಸಾ ಸಕ್ಕರೇನೂ ತಯಾರ್ ಮಾಡುತ್ತೆ. ಸಿರೋಸಿಸ್ ಅಂದ್ರೆ ಲಿವರ್ ವರ್ಷಗಟ್ಲೆ ಪೆಟ್ಟು ತಿಂದು ತಿಂದು ಗಾಯ ಒಣಗಿದ ಕಲೆ ಥರ ಗಟ್ಟಿಯಾಗಿ, ಗಂಟು ಗಂಟಾಗಿ, ಕೆಲ್ಸ ಮಾಡೋ ಜೀವಕೋಶಗಳು ಕಮ್ಮಿ ಆಗೋದು. ಆಗ ತುಂಬಿಡೋಕೂ ಜಾಗ ಇಲ್ಲ, ತೆಗ್ದು ಕೊಡೋಕೂ ದಾಸ್ತಾನಿಲ್ಲ.

ಹಂಗಾಗಿ ಎರಡೂ ಕಡೆ ಏಟು. ಊಟ ಆದ ಎರಡು ಗಂಟೆಗೆ ನೋಡಿದ್ರೆ 280, 300 ಇರತ್ತೆ, ಯಾಕಂದ್ರೆ ಬಂದ ಸಕ್ಕರೇನ ಎತ್ತಿಟ್ಕೊಳ್ಳೋರಿಲ್ಲ, ಮೇಲಾಗಿ ಲಿವರ್ ಒಳಗೆ ದಾರಿ ಕಟ್ಟಿಕೊಂಡಿರೋದ್ರಿಂದ ಕರುಳಿಂದ ಬರೋ ರಕ್ತದಲ್ಲಿ ಒಂದಷ್ಟು ಲಿವರ್ ಮುಟ್ಟದೇನೇ ಬೇರೆ ನಾಳಗಳಲ್ಲಿ ಸುತ್ತು ಹಾಕ್ಕೊಂಡು ಹೋಗ್ಬಿಡುತ್ತೆ. ಬೆಳಗಿನ ಜಾವ ಮೂರಕ್ಕೆ ನೋಡಿದ್ರೆ 60 ಇದ್ರೂ ಇರಬಹುದು. ಬೆಳಗ್ಗೆ ಖಾಲಿ ಹೊಟ್ಟೆ ಟೆಸ್ಟ್‌ನಲ್ಲಿ 95 ಬಂತು, ಶುಗರ್ ವಾಸಿಯಾಯ್ತು ಅಂತ ಖುಷಿಪಡೋರನ್ನ ನೋಡಿದೀನಿ, ಸಿರೋಸಿಸ್ ಇರೋರಿಗೆ ಆ ಒಂದು ನಂಬರ್‌ನಿಂದ ಏನೂ ಹೇಳಕ್ಕಾಗಲ್ಲ.

ಇನ್ನೊಂದು ವಿಷ್ಯ. ಸಿರೋಸಿಸ್ ಅಂದ ತಕ್ಷಣ ಊರಲ್ಲಿ ಜನ ಕುಡಿತದ ಮಾತೇ ಆಡೋದು. ಒಂದು ಹನಿ ಮುಟ್ಟದಿರೋ ಅಜ್ಜಿಗೂ ಇದು ಬರುತ್ತೆ ಸ್ವಾಮಿ. ವರ್ಷಾನುಗಟ್ಲೆ ಶುಗರ್, ಹೊಟ್ಟೆ ಸುತ್ತ ಬೊಜ್ಜು, ಫ್ಯಾಟಿ ಲಿವರ್, ಅದು ನಿಧಾನಕ್ಕೆ ಸಿರೋಸಿಸ್ ಆಗೋದು ಈಗ ಮಾಮೂಲಾಗಿದೆ, ಹೆಪಟೈಟಿಸ್ ಬಿ, ಸಿ ಇಂದಾನೂ ಆಗುತ್ತೆ. ತಿರುಗಾ ಮುರುಗಾನೂ ಉಂಟು, ಮೊದ್ಲು ಲಿವರ್ ಕೆಟ್ಟು ಅದ್ರಿಂದಾನೇ ಶುಗರ್ ಶುರುವಾಗೋದು. ಒಟ್ನಲ್ಲಿ ಸಿರೋಸಿಸ್ ಇರೋರಲ್ಲಿ ಸುಮಾರು ಮೂವರಲ್ಲಿ ಒಬ್ರಿಗೆ ಶುಗರ್ ಇರುತ್ತೆ. ಕುಡಿಯೋರಾದ್ರೆ ಇನ್ನೂ ಕಷ್ಟ, ಹೊಸಾ ಸಕ್ಕರೆ ತಯಾರ್ ಮಾಡೋ ಲಿವರ್‌ನ ಕೆಲ್ಸಾನ ಆಲ್ಕೋಹಾಲ್ ನೇರವಾಗಿ ತಡೆದುಬಿಡತ್ತೆ, ಶುಗರ್ ಮಾತ್ರೆ ನುಂಗಿ ಕುಡಿದು ಊಟ ಮಾಡ್ದೆ ಮಲಗಿದ್ರೆ ಬೆಳಗ್ಗೆ ಎಬ್ಬಿಸೋಕೆ ಹೋದಾಗ ಏಳದೇ ಇರೋ ಸಾಧ್ಯತೆ ನಿಜವಾಗ್ಲೂ ಇದೆ.

ಆಲೂರು ಕಡೆಯಿಂದ ಒಬ್ರು ಹುಡುಗ ಬರ್ತಾನೆ, ಅಪ್ಪಂಗೆ ಮಾತ್ರೆ ತಗೊಂಡು ಹೋಗೋಕೆ. ಒಂದಿನ ಖಾಲಿ ಶೀಟ್ ಮುಂದಿಟ್ಟು "ಅಣ್ಣ, ಇದೇ ಎರಡು ಶೀಟ್ ಕೊಡಿ" ಅಂದ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿರೋ ಮಾತ್ರೆ, ನಮ್ಮ ಕಡೆ ಶುಗರ್ ಇರೋರಲ್ಲಿ ಬಹಳ ಜನ ನುಂಗೋದು ಇದನ್ನೇ. ಜೊತೆಗೆ ಇನ್ನೊಂದು ಚೀಟಿ ತೆಗ್ದ, ಅದ್ರಲ್ಲಿ ಸ್ಪೈರೊನೊಲ್ಯಾಕ್ಟೋನ್, ಪ್ರೊಪ್ರನೊಲಾಲ್, ಲ್ಯಾಕ್ಟುಲೋಸ್ ಸಿರಪ್. ಈ ಮೂರು ಹೆಸ್ರು ಒಟ್ಟಿಗೆ ಕಂಡ್ರೆ ಯಾವ ಫಾರ್ಮಸಿಸ್ಟ್‌ಗಾದ್ರೂ ಅರ್ಥ ಆಗುತ್ತೆ, ಹೊಟ್ಟೇಲಿ ನೀರಿದೆ, ಅನ್ನನಾಳದ ರಕ್ತನಾಳ ಉಬ್ಬಿದೆ, ಲಿವರ್ ಕೆಟ್ಟಿದ್ರಿಂದ ತಲೆ ಮಂಕಾಗಿದ್ದೂ ಆಗಿದೆ ಅಂತ. "ಶುಗರ್ ಡಾಕ್ಟ್ರಿಗೆ ಈ ಚೀಟಿ ತೋರಿಸಿದ್ಯಾ?" ಅಂದೆ. "ಇಲ್ಲಣ್ಣ, ಅವ್ರು ಬೇರೆ ಅಲ್ವಾ?" ಅಂದ. ಅಪ್ಪ ಹೆಂಗಿದಾರೆ ಅಂದ್ರೆ, ರಾತ್ರಿ ಹೊತ್ತು ಮೈಯೆಲ್ಲಾ ಬೆವರಿ ಏನೇನೋ ಮಾತಾಡ್ತಾರೆ, ಬೆಳಗ್ಗೆ ಕಾಫಿ ಕುಡಿದ್ಮೇಲೆ ಸರಿ ಹೋಗ್ತಾರೆ ಅಂದ. ಬೆಲ್ಲದ ಕಾಫಿ! ಅದ್ರಲ್ಲೇ ಉತ್ತರ ಇತ್ತು. ಮಾತ್ರೆ ಕೊಡದೆ, ಎರಡೂ ಚೀಟಿ ಕೈಗಿಟ್ಟು, ಅವತ್ತೇ ಡಾಕ್ಟ್ರ ಹತ್ರ ಕಳಿಸ್ದೆ.

ಆ ಕಾಂಬಿನೇಷನ್ ಮಾತ್ರೇಲಿ ಅಂಥದ್ದೇನಿದೆ ಅಂತ ಹೇಳ್ತೀನಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇವೆಲ್ಲಾ ಒಂದೇ ಜಾತಿ, ನೀವು ಉಂಡ್ರಾ ಬಿಟ್ರಾ ಅಂತ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗಿತವೆ. ಇವನ್ನ ಕರಗಿಸಿ ಹೊರಗೆ ಹಾಕ್ಬೇಕಾಗಿದ್ದೂ ಲಿವರ್ರೇ, ಶುಗರ್ ಇಳಿದಾಗ ಕೈ ಹಿಡೀಬೇಕಾಗಿದ್ದೂ ಲಿವರ್ರೇ. ಎರಡೂ ಆಗದೇ ಇದ್ದಾಗ ಲೋ ಶುಗರ್ ಆಗೋದು ಮಾತ್ರ ಅಲ್ಲ, ಒಂದ್ಸಲ ಆದ್ರೆ ಗಂಟೆಗಟ್ಲೆ ಮತ್ತೆ ಮತ್ತೆ ಇಳೀತಾನೇ ಇರುತ್ತೆ. ಮೆಟ್‌ಫಾರ್ಮಿನ್ ಕಥೆ ಬೇರೆ. ಅದು ಲಿವರ್ ಹಾಳು ಮಾಡುತ್ತೆ ಅನ್ನೋ ಮಾತು ಊರ ತುಂಬಾ ಇದೆ, ಅದು ಸುಳ್ಳು. ಸಿರೋಸಿಸ್ ಇದ್ರೂ ಇನ್ನೂ ತೊಂದ್ರೆ ಹೊರಗೆ ಕಾಣದಿರೋ ಹಂತದಲ್ಲಿ, ಕಿಡ್ನಿ ಚೆನ್ನಾಗಿದ್ರೆ ಡಾಕ್ಟ್ರುಗಳು ಅದನ್ನ ಮುಂದುವರಿಸ್ತಾರೆ, ಮುಂದುವರಿಸಿದೋರು ನಿಲ್ಸಿದೋರಿಗಿಂತ ಹೆಚ್ಚು ದಿನ ಬದುಕಿದ್ದು ಅಧ್ಯಯನಗಳಲ್ಲೂ ಕಂಡಿದೆ. ಆದ್ರೆ ಹೊಟ್ಟೇಲಿ ನೀರು, ಕಾಮಾಲೆ, ಕಿಡ್ನಿ ಸೋಲೋದು ಶುರುವಾಯ್ತು ಅಂದ್ರೆ ಬೇಡ, ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಿ ಜೀವಕ್ಕೇ ಬರಬಹುದು. ಕಿಡ್ನಿ ಲೆಕ್ಕ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದ್ರೆ ಲಿವರ್ ಹೆಂಗೇ ಇರ್ಲಿ ಮೆಟ್‌ಫಾರ್ಮಿನ್ ಕೊಡಂಗಿಲ್ಲ.

ಈ ಹಂತ ಹಂತ ಅಂತೀನಲ್ಲ, ಅದಕ್ಕೆ ಡಾಕ್ಟ್ರುಗಳು ಚೈಲ್ಡ್-ಪ್ಯೂ ಅಂತ ಒಂದು ಮಾರ್ಕ್ಸ್ ಲೆಕ್ಕ ಇಟ್ಕೊಂಡಿರ್ತಾರೆ. ಬಿಲಿರುಬಿನ್ (ಕಾಮಾಲೆಯ ಹಳದಿ), ಆಲ್ಬುಮಿನ್ (ಲಿವರ್ ತಯಾರ್ ಮಾಡೋ ರಕ್ತದ ಪ್ರೋಟೀನ್), ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಐಎನ್‌ಆರ್, ಹೊಟ್ಟೆ ನೀರು, ತಲೆಯ ಮಂಕು, ಈ ಐದಕ್ಕೆ ಮಾರ್ಕ್ಸ್ ಹಾಕಿ 5-6 ಬಂದ್ರೆ ಎ, 7ರಿಂದ 9 ಬಿ, 10 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಸಿ. ಪರೀಕ್ಷೆ ಥರ ಅಲ್ಲ, ಇಲ್ಲಿ ಜಾಸ್ತಿ ಮಾರ್ಕ್ಸ್ ಬಂದ್ರೆ ಕೆಟ್ಟದ್ದು. "ನಮ್ಮಪ್ಪಂದು ಎ ನಾ ಬಿ ನಾ ಸಿ ನಾ" ಅಂತ ಕೇಳಿ ತಿಳ್ಕೊಂಡಿರಿ, ಅರ್ಧ ಔಷಧಿ ತೀರ್ಮಾನ ಅದ್ರ ಮೇಲೇ ನಿಂತಿರುತ್ತೆ. ಎ ಇರೋರಿಗೆ ಆಯ್ಕೆ ಜಾಸ್ತಿ. ಲಿನಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ಥರದ ಶುಗರ್ ಮಾತ್ರೆ ಬಿ ತನಕ ತಕ್ಕಮಟ್ಟಿಗೆ ಸೇಫ್. ಡಪಾಗ್ಲಿಫ್ಲೋಜಿನ್ ಥರದ್ದು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತೆ, ನೀರೂ ಜೊತೆಗೆ ಹೋಗುತ್ತೆ, ಮೊದ್ಲೇ ನೀರಿನ ಮಾತ್ರೆ ತಗೊಳ್ತಿರೋರಿಗೆ ಬಿಪಿ, ಕಿಡ್ನಿ ನೋಡ್ಕೊಂಡು ಕೊಡಬೇಕಾಗುತ್ತೆ. ಪಿಯೊಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸೋದ್ರಿಂದ ಹೊಟ್ಟೇಲಿ ನೀರಿರೋರಿಗೆ ಆಗಲ್ಲ. ಈಗ ಎಲ್ಲಾ ಕಡೆ ಸುದ್ದೀಲಿರೋ ಸೆಮಗ್ಲುಟೈಡ್ ಇಂಜೆಕ್ಷನ್ ಹಸಿವು ಸಾಯಿಸಿ ತೂಕ ಇಳಿಸೋದು, ಕೊನೇ ಹಂತದವ್ರಿಗೆ ಬೇಕಾಗಿರೋದು ಅದ್ರ ಉಲ್ಟಾ.

ಸಿ ಹಂತಕ್ಕೆ ಬಂದ್ರೆ ಉಳಿಯೋದು ಇನ್ಸುಲಿನ್ ಒಂದೇ ಅಂತಾನೇ ಇಟ್ಕೊಳ್ಳಿ. ಜನಕ್ಕೆ ಇನ್ಸುಲಿನ್ ಅಂದ್ರೆ ಎಲ್ಲಾ ಮುಗೀತು ಅನ್ನೋ ಭಾವನೆ, ಅದು ಬೇಡ, ಇಲ್ಲಿ ಅದೇ ಮಿಕ್ಕಿದ್ದಕ್ಕಿಂತ ಸುರಕ್ಷಿತ, ಯಾಕಂದ್ರೆ ಊಟಕ್ಕೆ ತಕ್ಕಂತೆ ಅಳೆದು ಹಾಕಬಹುದು, ಊಟ ಸೇರಲಿಲ್ಲ ಅಂದ್ರೆ ಎಷ್ಟು ಕಮ್ಮಿ ಮಾಡ್ಬೇಕು ಅಂತ ಡಾಕ್ಟ್ರು ಮೊದ್ಲೇ ಹೇಳಿಟ್ಟಿರಬಹುದು. ಆದ್ರೆ ಡೋಸ್ ಹುಡುಕೋದು ಸುಲಭ ಅಲ್ಲ. ಕೆಲವ್ರ ದೇಹ ಇನ್ಸುಲಿನ್ ಮಾತೇ ಕೇಳಲ್ಲ, ಜಾಸ್ತಿ ಬೇಕಾಗುತ್ತೆ, ಇನ್ನು ಕೆಲವ್ರಲ್ಲಿ ಲಿವರ್, ಕಿಡ್ನಿ ಎರಡೂ ಅದನ್ನ ಬೇಗ ಕರಗಿಸದೆ ಸ್ವಲ್ಪ ಹಾಕಿದ್ರೂ ತುಂಬಾ ಹೊತ್ತು ನಿಲ್ಲುತ್ತೆ. ಅದಕ್ಕೇ ಆಸ್ಪತ್ರೇಲಿ ಅಡ್ಮಿಟ್ ಮಾಡ್ಕೊಂಡು, ದಿನಕ್ಕೆ ನಾಲ್ಕೈದು ಸಲ ಚುಚ್ಚಿ ನೋಡಿ ಶುರು ಮಾಡೋದು. ಸುಮ್ನೆ ಬಿಲ್ ಏರ್ಸೋಕೆ ಇಟ್ಕೊಂಡ್ರು ಅಂತ ಡಿಸ್ಚಾರ್ಜ್ ಮಾಡಿಸ್ಕೊಂಡು ಬರಬೇಡಿ.

ಎಚ್‌ಬಿಎ1ಸಿ ವಿಷ್ಯಕ್ಕೆ ಬರೋಣ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟ್ಕೊಂಡಿದೆ ಅನ್ನೋದೇ ಈ ಟೆಸ್ಟು. ಸಿರೋಸಿಸ್‌ನಲ್ಲಿ ಗುಲ್ಮ, ಅಂದ್ರೆ ಸ್ಪ್ಲೀನ್, ಊದ್ಕೊಂಡು ರಕ್ತಕಣಗಳನ್ನ ಅವಧಿಗೆ ಮೊದ್ಲೇ ಮುಗಿಸ್ತಾ ಇರುತ್ತೆ, ಅಂಟ್ಕೊಳ್ಳೋಕೆ ಟೈಮೇ ಸಿಗಲ್ಲ. ರಕ್ತ ವಾಂತಿ ಆಗಿ ಒಂದೆರಡು ಬಾಟ್ಲಿ ರಕ್ತ ಹಾಕಿಸ್ಕೊಂಡಿದ್ರಂತೂ ಟೆಸ್ಟಲ್ಲಿ ಕಾಣೋದು ಬೇರೆಯವ್ರ ರಕ್ತದ ಲೆಕ್ಕಾನೂ ಸೇರಿ. ರಿಪೋರ್ಟ್‌ನಲ್ಲಿ 5.8 ಅಂತ ಇರುತ್ತೆ, ಮಧ್ಯಾಹ್ನ ಊಟ ಆದ್ಮೇಲೆ 290 ಇರುತ್ತೆ. ಫ್ರಕ್ಟೋಸಮೀನ್ ಅಂತ ಇನ್ನೊಂದಿದೆ, ಅದು ಆಲ್ಬುಮಿನ್ ಮೇಲೆ ನಿಂತಿರೋದು, ಲಿವರ್ ಕೆಟ್ಟಾಗ ಆಲ್ಬುಮಿನ್ನೇ ಕಮ್ಮಿ, ಅದೂ ನೆಚ್ಚಿಕೊಳ್ಳೋ ಹಂಗಿಲ್ಲ. ಹಾಗಾಗಿ ಮನೇಲಿ ಗ್ಲೂಕೋಮೀಟರ್ ಇಟ್ಕೊಂಡು ಊಟಕ್ಕೆ ಮುಂಚೆ, ಊಟ ಆಗಿ ಎರಡು ಗಂಟೆಗೆ, ಮಲಗೋವಾಗ, ಆಗಾಗ ರಾತ್ರಿ ಮೂರಕ್ಕೆ ನೋಡಿ ಬುಕ್ಕಲ್ಲಿ ಬರೆದಿಡೋದೇ ದಾರಿ, ದುಡ್ಡು ಒದಗುತ್ತೆ ಅನ್ನೋರು ತೋಳಿಗೆ ಅಂಟಿಸೋ ಸೆನ್ಸರ್ ಹಾಕಿಸ್ಕೋಬಹುದು. ಗ್ಲೂಕೋಮೀಟರ್‌ನಲ್ಲೂ ಒಂದು ಕೊಕ್ಕೆ ಇದೆ, ರಕ್ತ ತುಂಬಾ ಕಮ್ಮಿ ಇರೋರಲ್ಲಿ ಅದು ನಿಜವಾದ ಶುಗರ್‌ಗಿಂತ ಜಾಸ್ತಿ ತೋರಿಸಬಹುದು, 75 ಅಂತ ತೋರಿಸಿದ್ರೆ ನಿಜವಾಗ್ಲೂ ಅದಕ್ಕಿಂತ ಕೆಳಗಿರಬಹುದು. ಇವ್ರ ಟಾರ್ಗೆಟ್ ಕೂಡ ಮಾಮೂಲಿ ಶುಗರ್‌ನವ್ರಷ್ಟು ಬಿಗಿ ಇರಲ್ಲ, ಸ್ವಲ್ಪ ಸಡಿಲಾನೇ ಇಡ್ತಾರೆ. ಹಂಗಂತ ಲಂಗುಲಗಾಮಿಲ್ದೆ ಬಿಡೋಕೂ ಆಗಲ್ಲ, ಜಾಸ್ತಿ ಶುಗರ್ ಇದ್ರೆ ಹೊಟ್ಟೆ ನೀರಿಗೆ ಸೋಂಕು ತಗಲೋದು ಇತ್ಯಾದಿ ಸುಲಭ ಆಗೋಗುತ್ತೆ.

ಈಗ ಮನೆಯವ್ರನ್ನ ಜಾಸ್ತಿ ಗೊಂದಲಕ್ಕೆ ಹಾಕೋ ವಿಷ್ಯ. ಲಿವರ್ ಕೆಟ್ಟಾಗ ಅಮೋನಿಯದಂಥ ವಿಷ ತಲೆಗೆ ಹೋಗಿ ಮನುಷ್ಯ ಮಂಕಾಗ್ತಾನೆ, ಹಗಲೆಲ್ಲಾ ತೂಕಡಿಕೆ, ರಾತ್ರಿ ಎಚ್ಚರ, ಕೈ ಮುಂದೆ ಚಾಚಿ ಅಂದ್ರೆ ಅಂಗೈ ಪಟಪಟ ಅಂತ ಬೀಳುತ್ತೆ, ಲುಂಗಿ ಕಟ್ಕೊಳ್ಳೋದು ಮರ್ತೋಗುತ್ತೆ. ಲೋ ಶುಗರ್ ಆದ್ರೂ ಅದೇ ಥರ ತಡಬಡಾಯಿಸ್ತಾರೆ. ನೋಡಿದ್ರೆ ಗೊತ್ತಾಗಲ್ಲ, ಡಾಕ್ಟ್ರಿಗೂ ನೋಡಿದ ತಕ್ಷಣ ಗೊತ್ತಾಗಲ್ಲ, ಅದಕ್ಕೇ ಮಂಕಾದ ತಕ್ಷಣ ಮೊದ್ಲ ಕೆಲ್ಸ ಬೆರಳು ಚುಚ್ಚಿ ನೋಡೋದು. 70ಕ್ಕಿಂತ ಕೆಳಗಿದ್ರೆ, ನುಂಗೋಷ್ಟು ಎಚ್ಚರ ಇದ್ರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, ಏರಿದ ಮೇಲೆ ಏನಾದ್ರೂ ಗಟ್ಟಿ ಆಹಾರ ಕೊಡಿ. ಅಕಾರ್ಬೋಸ್ ಅನ್ನೋ ಮಾತ್ರೆ ತಗೊಳ್ತಿದ್ರೆ ಮನೆ ಸಕ್ಕರೆ ಬೇಗ ಕೆಲ್ಸ ಮಾಡಲ್ಲ, ಗ್ಲೂಕೋಸ್ ಪುಡೀನೇ ಬೇಕು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಬೇರೆ ಶುಗರ್ ಪೇಷೆಂಟ್‌ಗೆ ಗ್ಲುಕಗಾನ್ ಇಂಜೆಕ್ಷನ್ ಕೊಡ್ತಾರೆ, ಅದು ಲಿವರ್‌ನಲ್ಲಿರೋ ದಾಸ್ತಾನನ್ನ ಹೊರಗೆ ತೆಗೆಯೋ ಔಷಧಿ, ದಾಸ್ತಾನೇ ಇಲ್ಲದವ್ರಿಗೆ ಕೊಟ್ಟು ಅಷ್ಟೇನೂ ಉಪಯೋಗ ಆಗಲ್ಲ, ನರಕ್ಕೆ ಗ್ಲೂಕೋಸ್ ಹಾಕಲೇಬೇಕು.

ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ತಗೊಳ್ಳೋರಲ್ಲಿ ಇನ್ನೊಂದು ಎಡವಟ್ಟು. ಶುಗರ್ ಇಳಿದಾಗ ಎದೆ ಡವಡವ ಅನ್ನೋದು, ಕೈ ನಡುಗೋದು ಎಚ್ಚರಿಕೆ ಗಂಟೆ, ಈ ಮಾತ್ರೆಗಳು ಆ ಗಂಟೇನ ಬಾಯಿ ಮುಚ್ಚಿಸ್ತವೆ. ಬೆವರು ಮಾತ್ರ ಬರುತ್ತೆ. ಚಳಿಗಾಲದ ರಾತ್ರೀಲಿ ಬನಿಯನ್ ಒದ್ದೆ ಆಗೋಷ್ಟು ಬೆವರಿದ್ರೆ ಸುಮ್ನೆ ಹೊದಿಕೆ ತೆಗ್ದು ಮಲಗಿಸಬೇಡಿ, ಚುಚ್ಚಿ ನೋಡಿ.

ಲ್ಯಾಕ್ಟುಲೋಸ್ ಸಿರಪ್ ಸಿಹಿ ಇದೆ ಅಂತ ಅರ್ಧ ಮಾಡೋರು, ಬಚ್ಚಲಿಗೆ ಚೆಲ್ಲೋರು ಬೇಕಾದಷ್ಟು ಜನ. ಆ ಸಿಹಿ ಬಹುಪಾಲು ರಕ್ತಕ್ಕೆ ಸೇರೋದೇ ಇಲ್ಲ, ದೊಡ್ಡ ಕರುಳಿಗೆ ಹೋಗಿ ಅಮೋನಿಯ ಎಳ್ಕೊಂಡು ಹೊರಗೆ ಹೋಗುತ್ತೆ, ಅದ್ರಲ್ಲಿ ಚೂರು ಬೇರೆ ಸಕ್ಕರೆ ಇರೋದು ನಿಜ, ಅದಕ್ಕೆ ಹೆದರಿ ನಿಲ್ಸಿದ್ರೆ ಆಗೋ ನಷ್ಟ ಬಹಳ ದೊಡ್ಡದು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಆಗ್ಬೇಕು, ಡೋಸ್ ಲೆಕ್ಕ ಅದೇ. ಹತ್ತು ಸಲ ಆದ್ರೂ ತಪ್ಪು, ನೀರು ಹೋಗಿ ಕಿಡ್ನಿಗೆ ಹೊಡೆತ.

ಊಟ. ಎಲ್ರೂ ಎಡವೋದು ಇಲ್ಲೇ. ಶುಗರ್ ಅಂತ ಅನ್ನ ಬಿಡಿಸ್ತಾರೆ, ಲಿವರ್ ಅಂತ ಮೊಟ್ಟೆ, ಬೇಳೆ ಬಿಡಿಸ್ತಾರೆ, ನೀರು ಅಂತ ಉಪ್ಪು ಬಿಡಿಸ್ತಾರೆ, ಕಾಮಾಲೆ ಅಂತ ಎಣ್ಣೆ ಬಿಡಿಸ್ತಾರೆ, ಕೊನೆಗೆ ತಟ್ಟೇಲಿ ಗಂಜಿ ಬಿಟ್ರೆ ಏನೂ ಉಳಿಯಲ್ಲ, ಮನುಷ್ಯನ ತೋಳು ತೊಡೆ ಕರಗಿ ಹೊಟ್ಟೆ ಮಾತ್ರ ಮುಂದೆ ಬಂದಿರುತ್ತೆ. ತಕ್ಕಡೀಲಿ ತೂಕ ಅಷ್ಟೇ ಇರುತ್ತೆ, ಅದು ನೀರಿನ ತೂಕ. ಸಿರೋಸಿಸ್ ಇರೋರು ಒಂದು ರಾತ್ರಿ ಖಾಲಿ ಹೊಟ್ಟೇಲಿ ಕಳೆದ್ರೆ ಆರೋಗ್ಯವಾಗಿರೋರು ಎರಡು ಮೂರು ದಿನ ಉಪವಾಸ ಇದ್ದಷ್ಟು ಮೈ ಸವೆಯುತ್ತೆ, ಸಕ್ಕರೆ ದಾಸ್ತಾನಿಲ್ದೆ ದೇಹ ಮಾಂಸಖಂಡಾನೇ ಒಡ್ಕೊಂಡು ಉರಿಸುತ್ತೆ. ಆ ಖಂಡ ಬೇರೆ ಅಮೋನಿಯ ಕರಗಿಸೋ ಕೆಲ್ಸಾನೂ ಮಾಡೋದು, ಅದು ಹೋದ್ರೆ ಮಂಕೂ ಜಾಸ್ತಿ. ಆದ್ರಿಂದ ಪ್ರೋಟೀನ್ ಕಮ್ಮಿ ಮಾಡೋ ಹಳೇ ಪದ್ಧತೀನ ಈಗ ಬಿಟ್ಟಿದಾರೆ, ನೀರು ಕಳೆದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ ಅಂತಾರೆ. 60 ಕಿಲೋ ಮನುಷ್ಯಂಗೆ 72ರಿಂದ 90 ಗ್ರಾಂ. ನಮ್ಮ ಮನೆ ಊಟದಲ್ಲಿ ಇದು ಸುಮ್ನೆ ಬರಲ್ಲ, ಒಂದು ಮೊಟ್ಟೆ ಅಂದ್ರೆ 6 ಗ್ರಾಂ, ಒಂದು ಲೋಟ ಹಾಲು ಅಂದ್ರೂ ಅಷ್ಟೇ ಆಸುಪಾಸು. ಹುರುಳಿಕಾಳು, ಅವರೆಕಾಳು, ಹೆಸರುಕಾಳು, ಮೊಸರು, ಪನೀರ್, ಮೊಟ್ಟೆ ಹಿಂಗೆ ದಿನಪೂರ್ತಿ ಹಂಚಿ ಹಾಕ್ಬೇಕು, ಕಾಳು ಮತ್ತೆ ಹಾಲಿನ ಪ್ರೋಟೀನ್ ಮಂಕಿರೋರಿಗೂ ಚೆನ್ನಾಗಿ ಒಗ್ಗುತ್ತೆ. ಸಾರಲ್ಲಿ ತಿಳಿ ಬಡಿಸಿ ಕಾಳು ಪಾತ್ರೆ ತಳದಲ್ಲೇ ಬಿಟ್ರೆ ಪ್ರಯೋಜನ ಇಲ್ಲ!

ಮುದ್ದೆ ಬಗ್ಗೆ ಒಂದ್ಮಾತು. ರಾಗೀಲಿ ಸಕ್ಕರೆ ಇಲ್ಲ ಅಂತ ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿ, ಅನ್ನ ಬಿಟ್ಟಿದೀನಿ ಅನ್ನೋರು ನಮ್ಮಲ್ಲಿ ಬಹಳ. ರಾಗೀನೂ ಪಿಷ್ಟಾನೇ. ಒಂದು ಸಣ್ಣ ಮುದ್ದೆ, ಜೊತೆಗೆ ಗಟ್ಟಿ ಕಾಳು ಸಾರು ಸರಿ. ಒಂದೇ ಹೊತ್ತಿಗೆ ತುಂಬ್ಕೊಳ್ಳೋ ಬದಲು ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಅಂದ್ರೆ ಊಟದ ನಂತರದ ಏರಿಕೇನೂ ಕಮ್ಮಿ, ಇಳಿಕೇನೂ ಕಮ್ಮಿ. ಉಪ್ಪು ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚ, ಸುಮಾರು 5 ಗ್ರಾಂ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಿಂದ್ರೆ ಈ ಲೆಕ್ಕ ಮೀರೋಗುತ್ತೆ, ಮಲೆನಾಡಿನೋರಿಗೆ ಇದೇ ಕಷ್ಟದ ಪಥ್ಯ. ಪೂರ್ತಿ ಸಪ್ಪೆ ಮಾಡಿ ಊಟಾನೇ ಬಿಡೋ ಹಂಗೂ ಮಾಡ್ಬೇಡಿ.

ಮಲಗೋ ಮುಂಚೆ ತಿನ್ನೋದು ಔಷಧಿ ಅಂತಾನೇ ತಿಳ್ಕೊಳ್ಳಿ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗೋ ಅಂಥದ್ದು, ಹತ್ತಿರ ಹತ್ತಿರ ಎರಡು ಚಪಾತಿ ಒಂದು ಲೋಟ ಹಾಲು. ಶುಗರ್ ಇದೆಯಲ್ಲ ಅಂತ ಮನೆಯವ್ರು ಕೈ ಹಿಡ್ಕೊಳ್ತಾರೆ, ಅದಕ್ಕೆ ತಕ್ಕ ಇನ್ಸುಲಿನ್ ಹೊಂದಿಸೋದು ಡಾಕ್ಟ್ರ ಕೆಲ್ಸ, ತಿನ್ನಿಸೋದು ನಿಮ್ಮ ಕೆಲ್ಸ. ಏಕಾದಶಿ, ಸಂಕಷ್ಟಿ, ಶಿವರಾತ್ರಿ, ರಂಜಾನ್ ಉಪವಾಸ ಯಾವುದೂ ಇವ್ರಿಗೆ ಹೇಳಿ ಮಾಡಿಸಿದ್ದಲ್ಲ. ದೀಪಾವಳಿ ಟೈಮಲ್ಲಿ ಹಾಸನಾಂಬೆ ಬಾಗ್ಲು ತೆಗ್ದಾಗ ಬೆಳಗಿನ ಜಾವಾನೇ ಖಾಲಿ ಹೊಟ್ಟೇಲಿ ಹೋಗಿ ಗಂಟೆಗಟ್ಲೆ ಕ್ಯೂ ನಿಲ್ಲೋರಲ್ಲಿ ಇಂಥವ್ರೂ ಇರ್ತಾರೆ, ಕರ್ಕೊಂಡು ಹೋಗಲೇಬೇಕು ಅಂದ್ರೆ ತಿಂಡಿ ತಿನ್ನಿಸಿ, ಜೇಬಲ್ಲಿ ಗ್ಲೂಕೋಸ್ ಪುಡಿ ಇಟ್ಟು ಕರ್ಕೊಂಡು ಹೋಗಿ. ಅಷ್ಟೇ ಅಪಾಯ ಬೆಂಗ್ಳೂರಿಗೆ ಎಂಡೋಸ್ಕೋಪಿಗೆ ಹೋಗೋ ದಿನ. ಖಾಲಿ ಹೊಟ್ಟೇಲಿ ಬನ್ನಿ ಅಂದಿರ್ತಾರೆ, ನಾಲ್ಕು ಗಂಟೆಗೆ ಹಾಸನ ಬಿಟ್ಟು, ಅಭ್ಯಾಸಬಲದಿಂದ ಇನ್ಸುಲಿನ್ನೂ ಹಾಕ್ಕೊಂಡು, ಅಲ್ಲಿ ಹನ್ನೊಂದರ ತನಕ ಕಾಯೋದು. ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಶುಗರ್, ಸಿರೋಸಿಸ್ ಎರಡೂ ಇದೆ, ಬೆಳಗಿನ ಮೊದ್ಲ ಸ್ಲಾಟ್ ಕೊಡಿ, ಅವತ್ತು ಇನ್ಸುಲಿನ್ ಎಷ್ಟು ಅಂತ ಕೇಳಿ ಬರೆಸ್ಕೊಳ್ಳಿ.

ಕಾಫಿ ಬಿಡ್ಬೇಕಾ ಅಂತ ಚಿಕ್ಕಮಗಳೂರು ಕಡೆಯವ್ರು ಕೇಳೇ ಕೇಳ್ತಾರೆ. ಬೇಡ. ಕಾಫಿ ಕುಡಿಯೋರಲ್ಲಿ ಸಿರೋಸಿಸ್, ಲಿವರ್ ಕ್ಯಾನ್ಸರ್ ಕಮ್ಮಿ ಕಂಡುಬಂದಿದೆ ಅಂತ ಬಹಳಷ್ಟು ಅಧ್ಯಯನ ಇದಾವೆ, ಬೆಲ್ಲ, ಸಕ್ಕರೆ ಇಲ್ದೆ ಕುಡೀಲಿ. ಬೆಲ್ಲ ಆರೋಗ್ಯಕ್ಕೆ ಒಳ್ಳೇದು ಅನ್ನೋದು ಗ್ಲೂಕೋಮೀಟರ್‌ಗೆ ಗೊತ್ತಿಲ್ಲ.

ನಾಟಿ ಔಷಧಿ ಬಗ್ಗೆ ಹೇಳಿದ್ರೆ ಬೈಸ್ಕೊಳ್ತೀನಿ, ಆದ್ರೂ ಹೇಳ್ತೀನಿ. ಕಾಮಾಲೆಗೆ ಸೊಪ್ಪಿನ ರಸ ಕುಡಿದು ವಾಸಿ ಆಯ್ತು ಅನ್ನೋರಲ್ಲಿ ಹೆಚ್ಚಿನವ್ರದ್ದು ತಾನಾಗೇ ವಾಸಿ ಆಗೋ ಜಾತಿ ಕಾಮಾಲೆ, ಸಿರೋಸಿಸ್ ಕಾಮಾಲೆ ಅದಲ್ಲ. ಕೋವಿಡ್ ಟೈಮಲ್ಲಿ ಅಮೃತಬಳ್ಳಿ ಕಷಾಯ ಕುಡಿದೋರಲ್ಲಿ ಲಿವರ್‌ಗೆ ಪೆಟ್ಟಾದ ಕೇಸುಗಳನ್ನ ಮುಂಬೈ ಡಾಕ್ಟ್ರುಗಳು ಪ್ರಕಟ ಮಾಡಿದ್ರು, ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೀತು. ಇನ್ನೂ ಗಟ್ಟಿ ಇರೋ ಲಿವರ್‌ನವ್ರು ಬೇಕಾದ್ರೆ ಆ ವಾದ ಮಾಡ್ಕೊಳ್ಲಿ. ನಮ್ಮ ಅಂಗಡೀಲಿ ಸಿಗೋದ್ರಲ್ಲೂ ಅಷ್ಟೇ, ಮಂಡಿ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳ್ಬೇಡಿ, ಕಿಡ್ನಿ ಕೈ ಬಿಡುತ್ತೆ. ಪ್ಯಾರಸಿಟಮಾಲ್ ಪರವಾಗಿಲ್ಲ, ದಿನಕ್ಕೆ 2 ಗ್ರಾಂ ದಾಟಬಾರದು, ಅಂದ್ರೆ 500ರ ಮಾತ್ರೆ ನಾಲ್ಕು.

ಸಿರೋಸಿಸ್ ಜೊತೆ ಶುಗರ್ ಇದ್ರೆ ಲಿವರ್ ಕ್ಯಾನ್ಸರ್ ಸಾಧ್ಯತೆ ಹೆಚ್ಚು, ಹಾಗಾಗಿ ಆರು ತಿಂಗ್ಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ. ಸಿ ಹಂತಕ್ಕೆ ಬಂದೋರ ಮನೆಯವ್ರು ಲಿವರ್ ಕಸಿ ಬಗ್ಗೆ ಬೇಗ ಕೇಳೋದು ಒಳ್ಳೇದು, ನಮ್ಮ ರಾಜ್ಯದಲ್ಲಿ ಮೃತರ ಅಂಗಾಂಗ ಹಂಚಿಕೆ ನೋಡ್ಕೊಳ್ಳೋದು ಜೀವಸಾರ್ಥಕತೆ ಸಂಸ್ಥೆ, ಕಸಿ ಮಾಡೋ ಆಸ್ಪತ್ರೆ ಮೂಲಕ ಅಲ್ಲಿ ಹೆಸ್ರು ಹಾಕ್ಸೋದು. ಶುಗರ್ ಇದೆ ಅನ್ನೋ ಒಂದೇ ಕಾರಣಕ್ಕೆ ಕಸಿ ಮಾಡಲ್ಲ ಅನ್ನಲ್ಲ. ಕಸಿ ಆದ್ಮೇಲೂ, ಹೊಸ ಲಿವರ್‌ನ ದೇಹ ತಿರಸ್ಕರಿಸದ ಹಂಗೆ ಕೊಡೋ ಟ್ಯಾಕ್ರೋಲಿಮಸ್, ಸ್ಟೀರಾಯ್ಡ್ ಇಂದ ಶುಗರ್ ಏರುತ್ತೆ, ಕೆಲವ್ರಿಗೆ ಆಗ್ಲೇ ಮೊದಲ ಸಲ ಶುರುವಾಗೋದೂ ಇದೆ, ಆದ್ರೆ ಹೊಸ ಲಿವರ್ ಕೆಲ್ಸ ಹಿಡಿದಿರೋದ್ರಿಂದ ಎಚ್‌ಬಿಎ1ಸಿ ಮೇಲೆ ಮತ್ತೆ ನಂಬಿಕೆ ಇಡೋಕೆ ಮೊದಲ ಕೆಲವು ತಿಂಗ್ಳು ಕಾದ್ರೆ ಸಾಕು.